ಗಾಲಿಮನೆಗೊಂದು ಗಾಡಿ

ನಿಪ್ಪಾಣಿಯಲ್ಲಿ ನಾನು ಮೊದಲು ಪರೀಕ್ಷಿಸಿದ್ದು ಬೀಡಿ ಕಟ್ಟುವ ಒಬ್ಬ ಹೆಂಗಸಿನ ಕಣ್ಣು. ಸೊಸೆಯ ಮೇಲಿನ ಸಿಟ್ಟು, ಮೊಣಕಾಲಿನ ನೋವು, ತಂಬಾಕಿನ ಘಾಟು, ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಂಡು ಕುರ್ಚಿಯ ಮೇಲೆ ಕೂತಳು. ಎದುರಿನ ಅಕ್ಷರದ ಹಲಗೆ ತೋರಿಸಿ, ಮೇಲಿನ ಸಾಲು ಓದಮ್ಮ ಎಂದೆ. ಅವಳು ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾಣ್ತಿಲ್ವಾ?"

"ಕಾಣ್ತೈತ್ರಿ, ಸ್ವಚ್ಛ ಕಾಣ್ತೈತಿ. ಖರೆ ಓದಾಕ ಬರಂಗಿಲ್ಲ."

"ಶಾಲೆಗೆ ಹೋಗಿಲ್ವೇನಮ್ಮ?"

"ಏಳನೇತ್ತಾ ಕಲ್ತೇನ್ರಿ. ಮರಾಠಿ ಸಾಲ್ಯಾಗ."

ನಮ್ಮ ಕೊಳ್ಳೇಗಾಲವೂ ಗಡಿಯ ಊರೇ. ಆದರೆ ಅಲ್ಲಿ ತಮಿಳು ಆಡುವವರು ತಮಿಳು ಓದುತ್ತಾರೆ, ಕನ್ನಡ ಆಡುವವರು ಕನ್ನಡ ಓದುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಮನೆಯ ಸುಖದುಃಖವನ್ನೆಲ್ಲ ನನ್ನ ಭಾಷೆಯಲ್ಲಿ ತೋಡಿಕೊಂಡವಳಿಗೆ ನನ್ನ ಅಕ್ಷರಗಳು ಬರೀ ಗೆರೆಗಳಾಗಿ ಕಂಡವು. ಅವಳ ಕಣ್ಣನ್ನು ಹೇಗೆ ಅಳೆಯುವುದು? ಮಾರನೆಯ ವಾರವೇ ಕೊಲ್ಲಾಪುರದಿಂದ ಮರಾಠಿ ಅಕ್ಷರದ ಹಲಗೆ ತರಿಸಿದೆವು. ಈಗ ಯಾರಾದರೂ ಬಂದು ಕೂತರೆ ನನ್ನ ಮೊದಲ ಪ್ರಶ್ನೆ, "ಯಾವ ಸಾಲಿ ಕಲ್ತೀರಿ?"

ಊರಿನ ಕಡೆಯವರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, ಅಷ್ಟು ದೂರ ಯಾಕೆ ಹೋದಿರಿ ಅಂತ. ನಾನು ಕಣ್ಣು ಪರೀಕ್ಷೆ ಮಾಡುವವಳು. ನನ್ನ ಗಂಡ ಮಹದೇವಸ್ವಾಮಿ ಗಾಜು ಉಜ್ಜಿ ಕನ್ನಡಕ ಮಾಡುವವರು. ರಸ್ತೆ ಅಗಲ ಮಾಡುವಾಗ ಕೊಳ್ಳೇಗಾಲದಲ್ಲಿ ನಮ್ಮ ಅಂಗಡಿಯಿದ್ದ ಕಟ್ಟಡ ಹೋಯಿತು. ಬೇರೆ ಕಡೆ ಅಂಗಡಿ ಸಿಗಲಿಲ್ಲ. ಆಗ ಕನ್ನಡಕದ ಚೌಕಟ್ಟು ಮಾರಲು ಬರುತ್ತಿದ್ದ ಒಬ್ಬರು ಈ ಭಾಗದ ಬೀಡಿ ಹೆಂಗಸರ ವಿಷಯ ಹೇಳಿದರು. ದಿನವಿಡೀ ಎಲೆ, ದಾರ, ಬೆರಳು ನೋಡುತ್ತ ಕೂರುವವರು, ಕನ್ನಡಕಕ್ಕೆಂದು ಒಂದು ದಿನದ ಕೆಲಸ ಬಿಟ್ಟು ಪೇಟೆಗೆ ಹೋಗುವುದಿಲ್ಲ ಎಂದು. ಹಾಗಾದರೆ ನಾವೇ ಅವರ ಓಣಿಗೆ ಹೋಗೋಣ ಎಂದು ಹೊರಟು ಬಂದೆವು.

ಮನೆ ಸಿಕ್ಕಿದ್ದು ಚಿಕ್ಕೋಡಿ ತಾಲೂಕಿನ ಕಬ್ಬೂರಿನಲ್ಲಿ, ಭರಮಣ್ಣ ಎಂಬ ಜೈನ ರೈತರ ಹಿತ್ತಿಲಿನ ಕೋಣೆ. ಅವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಕಾಕಾ ಎಂದೆ. ನನ್ನನ್ನು ಅವರು ತಂಗಿ ಎಂದರು. ನನ್ನ ಗಂಡನ ಉದ್ದ ಹೆಸರನ್ನು ತುಂಡರಿಸಿ 'ಸ್ವಾಮ್ಯಾರು' ಮಾಡಿದರು. ಯಾವ ಮಠದ ಸ್ವಾಮ್ಯಾರು ಎಂದು ಅಕ್ಕಪಕ್ಕದವರು ಕೇಳಿದ್ದೂ ಉಂಟು. ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ನಮ್ಮ ಕಡೆ ಆ ಹೊತ್ತಿಗೆ ಇನ್ನೂ ಕಾಫಿಯ ಲೋಟ ತೊಳೆದಿರುವುದಿಲ್ಲ. ಮೊದಮೊದಲು ನಾವು ಮುದ್ದೆಗೆ ಎಸರಿಡುವ ವೇಳೆಗೆ ಅವರ ಅಂಗಳದಲ್ಲಿ ಚಾಪೆ ಹಾಸಿ ಮಾತು ಶುರುವಾಗಿರುತ್ತಿತ್ತು. ನಮಗೆ ಮಾತೂ ಇಲ್ಲ, ಊಟವೂ ಇಲ್ಲ. ಆಮೇಲೆ ನಾವೇ ಹೊತ್ತು ಬದಲಿಸಿಕೊಂಡೆವು. ರಾಗಿ ಹಿಟ್ಟು ಮುಗಿದಾಗ ಜೋಳದ ರೊಟ್ಟಿ ತಟ್ಟಲು ಕಲಿಸಿದವಳು ಭರಮಣ್ಣ ಕಾಕಾ ಅವರ ಸೊಸೆ ಸ್ನೇಹಲ್. ಅವಳೂ ಹೊರಗಿನಿಂದ ಬಂದವಳೇ. ಕೊಲ್ಲಾಪುರದ ಕಡೆಯ ಹುಡುಗಿ, ಮದುವೆಯಾಗಿ ಬಂದಾಗ ಒಂದು ಅಕ್ಷರ ಕನ್ನಡ ಬರುತ್ತಿರಲಿಲ್ಲವಂತೆ. ಈಗ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತ ಆಳುಗಳನ್ನು ಕನ್ನಡದಲ್ಲೇ ಗದರುತ್ತಾಳೆ.

ಇಲ್ಲಿ ಕನ್ನಡಕಕ್ಕೆ 'ಚಾಳೀಸು' ಅನ್ನುತ್ತಾರೆ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು, ನಲವತ್ತಾದ ಮೇಲೆ ಬರುವುದು ಎಂದು ಅರ್ಥವಂತೆ. ಈ ಮಾತು ತಿಳಿದ ಮೇಲೆ ನಾವು ಏನು ಮಾಡುವವರೆಂದು ಓಣಿಯವರಿಗೆ ಹೇಳುವುದು ಸುಲಭವಾಯಿತು. ಆದರೆ ಗಾಜು ಉಜ್ಜುವ ಯಂತ್ರ, ಲೆನ್ಸಿನ ಪೆಟ್ಟಿಗೆ, ಕುರ್ಚಿ, ಹಲಗೆ ಎಲ್ಲವನ್ನೂ ಬಸ್ಸಿನಲ್ಲಿ ಹೊತ್ತು ತಿರುಗುವುದು ಆಗಲಿಲ್ಲ. ಅಥಣಿಯಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಮಾಡುವ ಕಾರ್ಖಾನೆಯೊಂದರಲ್ಲಿ ಒಂದು ಟ್ರೇಲರ್ ಕಟ್ಟಿಸಿದೆವು. ಮುಂದೆ ಪರೀಕ್ಷೆಯ ಕೋಣೆ, ಹಿಂದೆ ಯಂತ್ರ, ನಡುವೆ ನಾವಿಬ್ಬರೂ ಮಲಗುವಷ್ಟು ಹಲಗೆ, ಒಂದು ಒಲೆ. ಹೊರಗೋಡೆಗೆ ದೊಡ್ಡದೊಂದು ಕಣ್ಣು ಬರೆಸಿ, ಕೆಳಗೆ ಎರಡೂ ಭಾಷೆಯಲ್ಲಿ 'ಕಣ್ಣು ಪರೀಕ್ಷೆ' ಎಂದು ಬರೆಸಿದೆವು. ಊರ ಮಂದಿ ಅದಕ್ಕೆ 'ಗಾಲಿಮನಿ' ಎಂದು ಹೆಸರಿಟ್ಟರು.

ಗಾಲಿಮನೆ ಆಯಿತು. ಎಳೆಯುವವರು ಯಾರು?

"ಟ್ರ್ಯಾಕ್ಟರ್ ಐತಲ್ಲ, ಚಿಂತಿ ಯಾಕ?" ಎಂದರು ಕಾಕಾ. ಅಥಣಿಯಿಂದ ಕಬ್ಬೂರಿಗೆ ಅವರ ಟ್ರ್ಯಾಕ್ಟರೇ ಎಳೆದು ತಂದಿತು. ದಾರಿಯುದ್ದಕ್ಕೂ ಹಿಂದಿನ ಬಸ್ಸುಗಳು ಹಾರ್ನ್ ಹೊಡೆದವು, ನಾವು ತಲುಪುವ ಹೊತ್ತಿಗೆ ಒಂದು ದಿನದ ಬೆಳಕು ಪೂರ್ತಿ ಕರಗಿತ್ತು. ಕಬ್ಬು ಕಡಿಯುವ ಕಾಲ ಶುರುವಾದರೆ ಆ ಟ್ರ್ಯಾಕ್ಟರಿಗೆ ಶಿರಗುಪ್ಪಿಯ ಕಡೆಯ ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಲ್ಲುವುದೇ ಕೆಲಸ. ಅದೂ ಅಲ್ಲದೆ ಪ್ರತಿ ವಾರ ಇನ್ನೊಬ್ಬರ ಅಂಗಳದಲ್ಲಿ ನಿಂತು ಗಾಡಿ ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಕಾಕಾ ಒಳ್ಳೆಯವರು, ನಿಜ. ಆದರೆ ಯಾವ ಊರಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದನ್ನೂ ಅವರೇ ಹೇಳತೊಡಗಿದ್ದರು.

ನಮ್ಮದೇ ಗಾಡಿ ಬೇಕೆಂದು ಹುಡುಕಲು ಹೊರಟೆವು. ಎರಡು ಗಾಡಿಗಳು ಕಣ್ಣಿಗೆ ಬಿದ್ದವು. ರಾಯಬಾಗದಲ್ಲಿ ಒಂದು ಹಳೆಯ ಜೀಪು, ಗಿಡ್ಡ, ಗಟ್ಟಿ, ಚೆನ್ನಾಗಿ ಇಟ್ಟುಕೊಂಡಿದ್ದರು. ಅಥಣಿಯಲ್ಲಿ ಒಂದು ಪಿಕಪ್, ಅಂದರೆ ಹಿಂದೆ ಸಾಮಾನು ತುಂಬುವ ತೆರೆದ ಪೆಟ್ಟಿಗೆಯಿರುವ ಸಣ್ಣ ಲಾರಿ. ಉದ್ದ, ತೂಕದ ಗಾಡಿ. ಪಿಕಪ್ಪಿನ ಬಾಗಿಲು ತೆಗೆದು ಕೂತ ನನ್ನ ಗಂಡ ಐದು ನಿಮಿಷದಲ್ಲಿ ಇಳಿದುಬಿಟ್ಟರು.

"ಬೇಡ ಕಣಮ್ಮಿ. ಜೀಪೇ ಸಾಕು."

"ಯಾಕೆ? ಇದು ಉದ್ದ ಇದೆ, ಭಾರ ಇದೆ. ಮನೆಯಂಥಾ ಟ್ರೇಲರ್ ಎಳೀಬೇಕಲ್ವಾ?"

"ಅಗಲ ಜಾಸ್ತಿ. ಬದಿ ಎಲ್ಲಿ ಅದೆ ಅಂತಾನೇ ಗೊತ್ತಾಗಲ್ಲ. ಜೀಪಾದ್ರೆ ಕೈಗೆ ಸಿಕ್ತದೆ."

ಹಿಂದೆ ಕೊಳ್ಳೇಗಾಲದಲ್ಲಿ ತಮ್ಮ ಅಣ್ಣನ ಲಾರಿಯನ್ನೇ ಓಡಿಸಿದವರು ಅವರು. ನಾನು ವಾದಿಸಿದೆ. ಅವರು ಸಿಡುಕಿದರು. ಮದುವೆಯಾದಾಗಿನಿಂದ ಗಟ್ಟಿಯಾಗಿ ಮಾತಾಡಿದವರಲ್ಲ, ಆ ದಿನ ಅಥಣಿಯ ನಡುಬೀದಿಯಲ್ಲಿ, "ಓಡ್ಸೋನು ನಾನೋ ನೀನೋ?" ಎಂದು ಕೂಗಿದರು. ವಾಪಸು ಬರುವ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂತೆ. ಅವರ ತೋಳಿನ ಮೇಲೆ ಒಂದು ಹೊಸ ತರಚು ಗಾಯವಿತ್ತು. ಗಾಲಿಮನೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಅವರಿಗೆ ದಿನದ ಮಾತಾಗಿತ್ತು. ಮನೆ ಇಕ್ಕಟ್ಟು, ಅದಕ್ಕೇ ಎಂದು ನಾನು ಅಂದುಕೊಂಡಿದ್ದೆ.

ರಾಯಬಾಗದವರು ಜೀಪನ್ನು ಒಂದು ದಿನಕ್ಕೆ ಓಡಿಸಿ ನೋಡಲು ಕೊಟ್ಟರು. ಅಂಕಲಿಯಲ್ಲಿ ಪರೀಕ್ಷೆ ಇಟ್ಟುಕೊಂಡಿದ್ದೆವು. ಬೆಳಗ್ಗೆ ಕೊಂಡಿ ಸಿಕ್ಕಿಸಿ ಹೊರಟೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅಂಕಲಿಯಲ್ಲಿ ಔಷಧ ತರಬೇಕೆಂದು ಸ್ನೇಹಲ್ ಹಿಂದಿನ ಸೀಟಿನಲ್ಲಿ. ಚಿಕ್ಕೋಡಿಯ ತನಕ ಏನೂ ಆಗಲಿಲ್ಲ. ಚಿಕ್ಕೋಡಿ ದಾಟಿ ಕೃಷ್ಣೆಯ ಕಡೆಗೆ ಇಳಿಜಾರು ಶುರುವಾದಾಗ ಜೀಪಿನ ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳಿದಂತೆ ಅನ್ನಿಸಿತು. ಗಾಲಿಮನೆ ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿತು.

ಎದುರಿನಿಂದ ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ನಮ್ಮ ಎಡಕ್ಕೆ, ರಸ್ತೆಯ ಅಂಚಿನಲ್ಲಿ, ಗಂಡ ಹೆಂಡತಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗುತ್ತಿದ್ದರು. ಬಹಳ ಹೊತ್ತಿನಿಂದ ನಾನು ಅವರನ್ನು ನೋಡುತ್ತಿದ್ದೆ. ನಮ್ಮವರು ಟ್ರ್ಯಾಕ್ಟರಿಗೆ ದಾರಿ ಬಿಡಲು ಎಡಕ್ಕೆ ಎಳೆದರು. ಬೈಕು ನನ್ನ ಬಾಗಿಲಿಗೆ ಇನ್ನೇನು ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂತು. ಇನ್ನೂ ಎಡಕ್ಕೆ ಎಳೆದರು.

"ಬೈಕು! ಎಡಗಡೆ ಬೈಕು!"

ಅವರು ಬೆಚ್ಚಿ ಬಲಕ್ಕೆ ತಿರುಗಿಸಿ ಬ್ರೇಕ್ ಒತ್ತಿದರು. ಹಿಂದಿನ ಮನೆ ಬಾಲದಂತೆ ಬೀಸಿತು. ಜೀಪಿನ ಮೂತಿ ಒಂದು ಕಡೆ, ನಮ್ಮ ದೇಹ ಇನ್ನೊಂದು ಕಡೆ.

"ಬ್ರೇಕ್ ಬಿಡ್ರಿ ಸ್ವಾಮ್ಯಾರ! ಸ್ಟೇರಿಂಗ್ ಸೀದಾ ಹಿಡೀರಿ! ಸೀದಾ!" ಸ್ನೇಹಲ್ ಹಿಂದಿನಿಂದ ಕೂಗಿದಳು.

ಕಬ್ಬಿನ ಗರಿಗಳು ನಮ್ಮ ಕನ್ನಡಿಯನ್ನು ಸವರಿಕೊಂಡು ಹೋದವು. ಜೀಪು ರಸ್ತೆ ಬಿಟ್ಟು ಇಳಿದು, ಮಣ್ಣಿನಲ್ಲಿ ಉಜ್ಜಿಕೊಂಡು ಒಂದು ಜಾಲಿ ಗಿಡದ ಹತ್ತಿರ ನಿಂತಿತು. ಯಂತ್ರವೋ ಪಾತ್ರೆಯೋ, ಹಿಂದೆ ಏನೋ ಉರುಳಿ ಬಿದ್ದ ಸದ್ದು. ನನ್ನ ಕೈ ಬಾಗಿಲಿನ ಹಿಡಿಕೆ ಬಿಡಲೇ ಇಲ್ಲ, ಸ್ನೇಹಲ್ ಬಂದು ಬಿಡಿಸಬೇಕಾಯಿತು.

ಬೈಕಿನವರು ಚರಂಡಿಗೆ ಇಳಿದಿದ್ದರು. ಮೈಗೆ ಏನೂ ಆಗಿರಲಿಲ್ಲ, ಹಾಲು ಚೆಲ್ಲಿತ್ತು. ಆ ಹೆಂಗಸು ಒದ್ದೆ ಸೀರೆಯಲ್ಲಿ ನೇರ ನಮ್ಮವರ ಹತ್ತಿರ ಬಂದಳು.

"ಕಣ್ಣ ಎಲ್ಲಿ ಇಟ್ಟಿದ್ರಿ? ಇಷ್ಟ ದೊಡ್ಡ ಬೈಕ ಬಾಜೂಕ ಇದ್ರೂ ಕಾಣಂಗಿಲ್ಲೇನ್ರಿ?"

ನಮ್ಮವರು ಕೈ ಮುಗಿದರು. ಅವಳು ಗಾಲಿಮನೆಯ ಗೋಡೆಯ ಮೇಲಿನ ದೊಡ್ಡ ಕಣ್ಣನ್ನು ನೋಡಿದಳು. "ಮತ್ತ ಇವರು ಮಂದಿ ಕಣ್ಣ ನೋಡ್ತಾರಂತ," ಎಂದಳು. ಅವಳ ಗಂಡ, ಹೋಗಲಿ ಬಾ ಎಂದು ಕರೆದುಕೊಂಡು ಹೋದ.

ಕಾಕಾ ಟ್ರ್ಯಾಕ್ಟರ್ ತಂದು ಎಳೆದು ತೆಗೆದರು. ಜೀಪು ಗಿಡ್ಡ, ಹಿಂದಿನ ಭಾರಕ್ಕೆ ತಡೆಯಲಿಲ್ಲ ಎಂದು ಎಲ್ಲರೂ ಅಂದರು. ಅದು ಸುಳ್ಳಲ್ಲ. ನಮ್ಮವರೂ ಹೌದೌದು ಎಂದು ತಲೆಯಾಡಿಸಿದರು. ಆದರೆ ಗಾಡಿ ಗಿಡ್ಡವಾದರೆ ಪಕ್ಕದ ಬೈಕು ಕಾಣದೆ ಹೋಗುವುದಿಲ್ಲ. ಆ ಹೆಂಗಸಿನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿರಲಿಲ್ಲ.

ಮರುದಿನ ಬೆಳಗ್ಗೆ, ಗಾಲಿಮನೆಯ ಒಳಗೆ, ಅವರನ್ನು ಕುರ್ಚಿಯಲ್ಲಿ ಕೂರಿಸಿದೆ.

"ನನ್ನ ಕಣ್ಣು ಸರಿಯಾಗವೆ ಕಣಮ್ಮಿ," ಎಂದು ಹಲಗೆಯ ಕಟ್ಟಕಡೆಯ ಸಾಲನ್ನು ಗಡಗಡ ಓದಿದರು. ಒಂದು ಅಕ್ಷರವೂ ತಪ್ಪಲಿಲ್ಲ.

"ಈಗ ನನ್ನ ಮೂಗು ನೋಡಿ. ಕಣ್ಣು ಆಡಿಸಬೇಡಿ. ಬದಿಯಿಂದ ಬೆರಳು ತರ್ತೀನಿ, ಕಂಡಾಗ ಹೇಳಿ."

ಅವರ ಬಲಗಣ್ಣು ಮುಚ್ಚಿಸಿ, ಎಡಗಡೆಯಿಂದ ಬೆರಳನ್ನು ನಿಧಾನ ತಂದೆ. ಕಿವಿಯ ನೇರ ದಾಟಿತು. ಹೇಳಲಿಲ್ಲ. ಕೆನ್ನೆಯ ನೇರ ದಾಟಿತು. ಹೇಳಲಿಲ್ಲ. ಅದು ನನ್ನದೇ ಮುಖದ ಹತ್ತಿರ ಬಂದಾಗ, "ಹಾ, ಈಗ," ಎಂದರು. ಇನ್ನೊಮ್ಮೆ ಮಾಡಿದೆ. ಮೇಲಿನಿಂದ, ಕೆಳಗಿನಿಂದ. ಬಲಗಣ್ಣು ಅಷ್ಟು ಕೆಟ್ಟಿರಲಿಲ್ಲ, ಚೆನ್ನಾಗಿಯೂ ಇರಲಿಲ್ಲ. ಕೊಳವೆಯೊಳಗಿಂದ ನೋಡುವವನ ಹಾಗೆ ಅವರು ನೇರ ಇರುವುದನ್ನು ಮಾತ್ರ ನೋಡುತ್ತಿದ್ದರು.

"ಯಾವಾಗಿನಿಂದ?"

"ಬದಿ ಸರ್ಯಾಗಿ ಕಾಣಲ್ಲ ಅಂತ ಅನ್ನುಸ್ತಿತ್ತು. ಸುಸ್ತಿರಬೋದು ಅನ್ಕಂಡೆ. ಅದ್ಕೇ ಸಣ್ಣ ಗಾಡಿ ಕೇಳ್ದೆ," ಎಂದರು. ಆಮೇಲೆ ಮಗುವಿನ ಹಾಗೆ, "ಬೈಕು ನಿಜವಾಗ್ಲೂ ಅಷ್ಟು ಹತ್ರ ಇತ್ತಾ?" ಎಂದು ಕೇಳಿದರು.

ಈ ಸೀಮೆಯಲ್ಲಿ ದೊಡ್ಡ ಕಾಯಿಲೆ ಎಂದರೆ ಎಲ್ಲರೂ ಕಾಗವಾಡ ದಾಟಿ ಮಿರಜಕ್ಕೆ ಹೋಗುತ್ತಾರೆ. ಮಿರಜದ ದವಾಖಾನೆಯಲ್ಲಿ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ನರವನ್ನು ಸದ್ದಿಲ್ಲದೆ ತಿನ್ನುವ ರೋಗ. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು. ಗಾಜಿನ ಕೆಲಸ ಮಾಡಬಹುದು. ಗಾಡಿ ಮುಟ್ಟುವಂತಿಲ್ಲ. ನನಗೆ ಅದನ್ನು ಮರಾಠಿಯಲ್ಲಿ ಹೇಳಿದರು, ನಾನು ನಮ್ಮವರಿಗೆ ಕನ್ನಡದಲ್ಲಿ ಹೇಳಿದೆ. ಇಂಥ ಸುದ್ದಿ ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಮರಾಠಿ ನನಗೆ ಬಂದಿದೆ ಎಂದು ತಿಳಿದದ್ದು ಆಗಲೇ.

"ಊರ್ಗೆ ಹೋಗ್ಬುಡನ," ಎಂದರು ಬಸ್ಸಿನಲ್ಲಿ. "ಅಲ್ಲಿ ಅಣ್ಣ ಅವ್ನೆ, ನಮ್ ಜನ ಅವ್ರೆ. ಇಲ್ಲಿ ಯಾರವ್ರೆ?"

ನನಗೂ ಆಸೆಯಿತ್ತು. ಕೊಳ್ಳೇಗಾಲದಲ್ಲಿ ಯಾರೂ ನನ್ನ ಮಾತನ್ನು ಎರಡನೇ ಸಲ ಹೇಳಿಸುವುದಿಲ್ಲ. ಆದರೆ ಅಲ್ಲಿ ಅಂಗಡಿ ಇಲ್ಲ, ಕೆಲಸ ಇಲ್ಲ. ಅಣ್ಣನ ಮನೆಯ ಜಗುಲಿಯಲ್ಲಿ ಇವರು ದಿನವಿಡೀ ಕೂತಿರುವ ಚಿತ್ರ ಕಣ್ಣ ಮುಂದೆ ಬಂತು. ನಾನು ಹೇಳಿದ್ದು ಇಷ್ಟೇ, "ನಾನು ಓಡಿಸ್ತೀನಿ."

ಅವರು ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಬೇಡ ಎಂದವರು ಕಾಕಾ.

"ಏನ್ ಮಾತ ಆಡ್ತಿ ತಂಗಿ! ಈ ವಯಸ್ಸಿನ್ಯಾಗ, ಹಿಂದ ಮನಿ ಕಟಗೊಂಡು? ನಾಳೆ ಏನರ ಆದ್ರ ಮಂದಿ ನನ್ನ ಕೇಳ್ತಾರ. ಸುಮ್ಮ ನಮ್ಮ ಓಣ್ಯಾಗ ಒಂದ ಅಂಗಡಿ ಹಾಕ್ಕೊಂಡ ಕುಂಡ್ರಿ."

"ಸ್ನೇಹಲ್ ಟ್ರ್ಯಾಕ್ಟರ್ ಓಡಿಸ್ತಾಳಲ್ಲ ಕಾಕಾ?"

"ಅಕಿ ಹೊಲದಾಗ ಓಡಸ್ತಾಳ. ಹೈವೇ ಮ್ಯಾಗ ಅಲ್ಲ."

ಸ್ನೇಹಲ್ ಅಂಗಳದ ಆ ಕಡೆ ಕಾಳು ಕೇರುತ್ತಿದ್ದಳು. ಕೇರುವುದು ನಿಲ್ಲಿಸದೆ, "ಹೈವೇ ಮ್ಯಾಗ ಬಿಟ್ಟವರ ಯಾರ್ರಿ ಮಾಮಾ?" ಎಂದಳು. ಕಾಕಾ ಎದ್ದು ಒಳಗೆ ಹೋದರು. ಅಂದಿನಿಂದ ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ಹಿತ್ತಿಲಿನ ಕೋಣೆಯಿಂದ ಎಲ್ಲಿ ಹೊರಗೆ ಹಾಕುತ್ತಾರೋ ಎಂದು ನಾನು ದಿಗಿಲಿನಲ್ಲೇ ಇದ್ದೆ.

ಸ್ನೇಹಲ್ ನನಗೆ ಕಲಿಸಿದಳು. ಕೊಯ್ಲಾದ ಹೊಲದಲ್ಲಿ ಮೊದಲು ಟ್ರ್ಯಾಕ್ಟರ್, ಆಮೇಲೆ ಅವರ ಮನೆಯ ಕಾರು. "ಸಾವಕಾಶ ಕಾಕೂ, ಸಾವಕಾಶ," ಎನ್ನುತ್ತಿದ್ದಳು. ಕಾಕೂ ಎಂದರೆ ಚಿಕ್ಕಮ್ಮ. ಸಾವಕಾಶ ಎಂದರೆ ನಮ್ಮ ಕಡೆ ಪುರುಸೊತ್ತು, ಇಲ್ಲಿ ನಿಧಾನ. ಎರಡೂ ನನಗೆ ಬೇಕಾಗಿದ್ದವು. ಹಿಂದಕ್ಕೆ ಹೋಗುವಾಗ ಟ್ರಾಲಿ ನಾನು ತಿರುಗಿಸಿದ್ದಕ್ಕೆ ಉಲ್ಟಾ ಕಡೆ ಹೋಗುತ್ತಿತ್ತು, ಅಳು ಬರುತ್ತಿತ್ತು. ಒಮ್ಮೆ ಬದುವಿನ ಮೇಲೆ ಹತ್ತಿಸಿಬಿಟ್ಟೆ. ಸ್ನೇಹಲ್ ತಾನು ಬಂದ ಹೊಸತರಲ್ಲಿ ಕನ್ನಡ ಆಡುವಾಗ ಮನೆಯವರೆಲ್ಲ ನಗುತ್ತಿದ್ದುದನ್ನು ಹೇಳಿದಳು. "ನಾ ನಗಂಗಿಲ್ಲ ಕಾಕೂ, ಮತ್ತೊಮ್ಮೆ ತಗೀರಿ," ಎಂದಳು.

ಲೈಸನ್ಸ್ ಕೈಗೆ ಬಂದ ಮೇಲೆ ಮತ್ತೆ ಅಥಣಿಗೆ ಹೋದೆವು. ಪುಣ್ಯಕ್ಕೆ ಆ ಪಿಕಪ್ ಇನ್ನೂ ಅಲ್ಲೇ ಇತ್ತು. ಈ ಸಲ ನಾನು ಕೂತೆ. ಉದ್ದದ ಗಾಡಿಯಾದ್ದರಿಂದ ಹಿಂದಿನ ಭಾರ ಅದನ್ನು ಸುಲಭಕ್ಕೆ ತಿರುಗಿಸಲಾರದು. ತುಂಬಿದ ಗಾಲಿಮನೆಗಿಂತ ಅದರದೇ ತೂಕ ಹೆಚ್ಚು. ಎಳೆಯುವ ಶಕ್ತಿ ಜೀಪಿಗೂ ಇತ್ತು, ಆದರೆ ನಿಲ್ಲಿಸುವ ಶಕ್ತಿಯೇ ಮುಖ್ಯ ಎಂದು ಆ ಇಳಿಜಾರು ನಮಗೆ ಕಲಿಸಿತ್ತು. ಕನ್ನಡಿಗಳನ್ನು ಗಾಲಿಮನೆಯ ಅಂಚಿನಾಚೆಗೂ ಕಾಣುವಂತೆ ಉದ್ದದ ಕಂಬಿಗೆ ಹಾಕಿಸಿದೆ. ಟ್ರೇಲರಿನ ಚಕ್ರಗಳಿಗೂ ಅದರದೇ ಬ್ರೇಕ್ ಹಾಕಿಸಿದೆವು. ಇಳಿಜಾರಿನಲ್ಲಿ ಅದು ಬಾಲ ಬೀಸಿದ್ದೇಕೆಂದು ದಿನಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದವರು ನಮ್ಮವರು. ಭಾರದ ಯಂತ್ರ ಕಟ್ಟಕಡೆಯಲ್ಲಿತ್ತು, ಕೊಂಡಿಯ ಕಡೆಯ ಮೂತಿ ಒಬ್ಬನೇ ಎತ್ತುವಷ್ಟು ಹಗುರವಾಗಿತ್ತು. ಯಂತ್ರವನ್ನು ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ ತಂದು ಬಿಗಿದರು. ನಮ್ಮ ಹಾಸಿಗೆ ಹಿಂದಕ್ಕೆ ಹೋಯಿತು. ಈಗ ಮೂತಿ ಕೊಂಡಿಯ ಮೇಲೆ ಗಟ್ಟಿಯಾಗಿ ಕೂತಿತು.

ನದಿಯಾಚೆಯ ಜುಗೂಳಕ್ಕೆ ಹೊರಡುವ ದಿನ ಕಾಕಾ ಅಂಗಳಕ್ಕೆ ಬಂದರು. ಕೊಂಡಿ ಅಲುಗಾಡಿಸಿ ನೋಡಿದರು, ಸರಪಳಿ ಎಳೆದು ನೋಡಿದರು, ಗಾಲಿಗಳನ್ನು ಒದ್ದು ನೋಡಿದರು. ನನ್ನ ಮುಖ ನೋಡಲಿಲ್ಲ.

"ಜುಗೂಳಕ್ಕ ಮುಟ್ಟಿದ ಮ್ಯಾಲ ಫೋನ್ ಹಚ್ಚ," ಎಂದರು. ಅಷ್ಟೇ.

ಅದೇ ಇಳಿಜಾರು ಬಂತು. ನಮ್ಮವರು ಪಕ್ಕದಲ್ಲಿ ಕೂತಿದ್ದರು. "ಮುಂದೆ ನಾನು ನೋಡ್ತೀನಿ. ಬದಿ ನೀನು ನೋಡ್ಕೊ," ಎಂದರು. ಸಣ್ಣ ಗೇರಿನಲ್ಲಿ, ಬ್ರೇಕನ್ನು ಬೆರಳಿನಿಂದ ಮುಟ್ಟಿದಂತೆ ಮುಟ್ಟುತ್ತ ಇಳಿದೆ. ಮನೆ ಹಿಂದಿನಿಂದ ತಳ್ಳಿತು, ಆಡಲಿಲ್ಲ. ಆ ಜಾಲಿ ಗಿಡ ಯಾವುದೆಂದು ನಾನು ನೋಡಲಿಲ್ಲ.

ಅಂಕಲಿ ದಾಟಿ ಮಾಂಜರಿಯ ಸೇತುವೆ ಬಂತು. ಕೆಳಗೆ ಕೃಷ್ಣೆ. ನಡುವಿಗೆ ಬರುವ ಹೊತ್ತಿಗೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್, ಅದರ ಹಿಂದೆ ಇನ್ನೊಂದು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಿಂದಕ್ಕೆ ಹೋಗುವಂತಿಲ್ಲ.

"ಮುಂದೆ ಜಾಗ ಅದೆಯಾ?" ಎಂದೆ.

"ಅದೆ. ನೇರ ಬುಡು."

ಎಡಗನ್ನಡಿಯಲ್ಲಿ ಗಾಲಿಮನೆಯ ಅಂಚು ಮತ್ತು ಸೇತುವೆಯ ಕಟ್ಟೆ. ನಡುವೆ ಒಂದು ಗೇಣು ಬೆಳಕು. ಆ ಬೆಳಕನ್ನೇ ನೋಡುತ್ತ ಹೋದೆ. ಬಲಗಡೆ ಕಬ್ಬು ಸರಸರ ಸವರಿತು, ಮತ್ತೆ ಸವರಿತು. ಬೆಳಕು ಹಾಗೇ ಉಳಿಯಿತು. ಸೇತುವೆ ಮುಗಿದ ಮೇಲೆ ಒಂದು ಕಡೆ ನಿಲ್ಲಿಸಿ ಇಳಿದೆ. ಮಣ್ಣಿನ ಮೇಲೆ ಕೂತುಬಿಟ್ಟೆ. ನಮ್ಮವರು ನೀರಿನ ಬಾಟಲಿ ತಂದು ನನ್ನ ಪಕ್ಕ ಕೂತರು. ಬಸ್ಸಿನವನು ಹೋಗುವಾಗ ಏನೋ ಬೈದ. ಮರಾಠಿಯಲ್ಲಿ. ಅರ್ಥವಾಯಿತು, ಇಬ್ಬರೂ ನಕ್ಕೆವು.

ಈಗ ಈ ದಾರಿಗಳಲ್ಲಿ ನನಗೆ ಗುರುತು ಇದೆ. ಎಲ್ಲಿ ಗುಂಡಿ, ಎಲ್ಲಿ ತಿರುಗಿಸಲು ಜಾಗ, ಯಾವ ಊರಿನಲ್ಲಿ ನೀರು ಸಿಹಿ. ಆದರೂ ಎದುರಿನಿಂದ ಕಬ್ಬಿನ ಗಾಡಿ ಬಂದರೆ ಇವತ್ತಿಗೂ ಮೊದಲು ಎಡಗನ್ನಡಿ ನೋಡುತ್ತೇನೆ. ಕೊಳ್ಳೇಗಾಲದಿಂದ ಫೋನ್ ಬಂದಾಗ ನಾನು 'ಹೌದ್ರಿ' ಎಂದರೆ ನಾದಿನಿ ನಗುತ್ತಾಳೆ, ಇಲ್ಲಿ ನಾನು 'ಅದೆ' ಎಂದರೆ ಸ್ನೇಹಲ್ ನಗುತ್ತಾಳೆ. ಕಾಕಾ ಮತ್ತೆ ತಂಗಿ ಎನ್ನುತ್ತಾರೆ. ಆದರೆ ಯಾವ ಊರಿಗೆ ಹೋಗಬೇಕೆಂದು ಹೇಳುವುದನ್ನು ಬಿಟ್ಟಿದ್ದಾರೆ.

ಮೊನ್ನೆ ಜುಗೂಳದಲ್ಲಿ ನದಿಯ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಹೊಸ ಚಾಳೀಸು ಹಾಕಿಕೊಂಡ ಒಬ್ಬ ಅಜ್ಜಿ ಮೊದಲು ತನ್ನ ಅಂಗೈ ನೋಡಿಕೊಂಡಳು, ಆಮೇಲೆ ನಮ್ಮಿಬ್ಬರ ಮುಖಗಳನ್ನು ಚೆನ್ನಾಗಿ ನೋಡಿದಳು. ನಮ್ಮ ಮಾತು ಅವಳಿಗೆ ವಿಚಿತ್ರವಾಗಿ ಕೇಳಿಸಿರಬೇಕು.

"ನಿಮ್ಮೂರ ಯಾವುದ್ರಿ?" ಎಂದಳು.

"ಕೊಳ್ಳೇಗಾಲ," ಎಂದೆ ನಾನು.

"ಕಬ್ಬೂರು," ಎಂದರು ನಮ್ಮವರು, ಅದೇ ಹೊತ್ತಿಗೆ.

ಊರಿಗೆ ಹೋಗಿಬಿಡೋಣ ಎಂದವರು ಅವರು, ಉಳಿಯೋಣ ಎಂದು ಹಟ ಮಾಡಿದವಳು ನಾನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿ ಚಾಳೀಸನ್ನು ಸರಿಮಾಡಿಕೊಂಡು ಕಾಯುತ್ತಿದ್ದಳು.